ಕಿವಿ ಮೇಸ್ತ್ರಿಯ ಕೆಂಪು ದೀಪ

ಮೂವತ್ತು ವರ್ಷದಲ್ಲಿ ನನ್ನ ಅಂಗಡಿಯ ಮಾಲನ್ನು ಯಾರೂ ನನ್ನ ಮುಂದೆ ಬಿಸಾಡಿರಲಿಲ್ಲ. ಆ ದಿನ ಕಿವಿ ಮೇಸ್ತ್ರಿ ಬಿಸಾಡಿದ. ಹೆಬ್ಬೆರಳ ಗಾತ್ರದ ಆಯಿಲ್ ಸ್ವಿಚ್ಚು ಅದು, ಇಂಜಿನ್ನಿನಲ್ಲಿ ಎಣ್ಣೆಯ ಒತ್ತಡ ಸಾಲದಾದರೆ ಕೆಂಪು ದೀಪ ಹತ್ತಿಸುವಂಥದ್ದು, ನಾಲ್ಕು ದಿನದ ಹಿಂದೆ ನಾನೇ ಪೊಟ್ಟಣ ಒಡೆದು ಕೊಟ್ಟದ್ದು. ಗಾಜಿನ ಕೌಂಟರಿನ ಮೇಲೆ ಠಣ್ಣೆಂದು ಬಿದ್ದು, ಉರುಳಿಕೊಂಡು ಹೋಗಿ ನನ್ನ ಟೀ ಲೋಟಕ್ಕೆ ಬಡಿದು ನಿಂತಿತು.

“ಏನೋ ಸ್ಪೇರು, ಕಸ ಮಾರೋಕೆ ಶುರು ಮಾಡಿದ್ಯಾ?”

“ಯಾವುದಯ್ಯಾ ಕಸ? ಕಂಪನಿ ಮಾಲು ಅದು!”

“ಕಂಪನಿ ಮಾಲಂತೆ! ನರ್ಸಮ್ಮನ ಕಾರಲ್ಲಿ ಲೈಟು ಮತ್ತೆ ಹತ್ಕೊಂಡಿದೆ. ಇನ್ನೊಂದು ಕೊಡು. ಒಳ್ಳೇದು ಕೊಡು.”

ನಾನು ಗಾಡಿಗಳ ಬಿಡಿಭಾಗ ಮಾರುವವನು, ಆದ್ದರಿಂದ ಅವನ ಬಾಯಲ್ಲಿ ಸ್ಪೇರು. ಅವನ ಗ್ಯಾರೇಜು ನನ್ನ ಅಂಗಡಿಗೆ ಎದುರೇ; ರಸ್ತೆ ದಾಟಿದರೆ ಹನ್ನೊಂದು ಹೆಜ್ಜೆ. ಇಬ್ಬರೂ ಒಂದೇ ವರ್ಷ ಬಾಗಿಲು ತೆರೆದವರು, ಇಬ್ಬರಿಗೂ ಮೂಗಿನ ತುದಿಯಲ್ಲೇ ಕೋಪ. ಇನ್ನೊಂದು ಸ್ವಿಚ್ಚನ್ನು ನಾನು ಅವನ ಕೈಗೆ ಕೊಡಲಿಲ್ಲ, ಕೌಂಟರಿನ ಮೇಲೆ ಕುಕ್ಕಿದೆ. ಎತ್ತಿಕೊಂಡು ಹೊರಟ. ಅವನ ಬೆನ್ನಿಗೆ ನಾನು ಆಡಿದ ಮಾತು ಇಲ್ಲಿ ಬರೆಯುವಂಥದ್ದಲ್ಲ. ಆದರೂ ಅವನು ತಿರುಗಿ ನೋಡಲಿಲ್ಲ, ಅದು ನನ್ನನ್ನು ಇನ್ನಷ್ಟು ಉರಿಸಿತು.

ಅವನಿಗೆ ಕಿವಿ ಮೇಸ್ತ್ರಿ ಎಂಬ ಹೆಸರು ಸುಮ್ಮನೆ ಬಿದ್ದದ್ದಲ್ಲ. ಅವನ ಹತ್ತಿರ ಮೊಳದುದ್ದದ ಒಂದು ಸ್ಕ್ರೂಡ್ರೈವರು ಇತ್ತು. ಅದರ ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ಊರಿ, ಮರದ ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಆಮೇಲೆ “ಮೂರನೇ ಸಿಲಿಂಡರು” ಅನ್ನುತ್ತಿದ್ದ, ಇಲ್ಲವೇ “ನೀರಿನ ಪಂಪಿನ ಬೇರಿಂಗು” ಅನ್ನುತ್ತಿದ್ದ. ಬಿಚ್ಚಿ ನೋಡಿದರೆ ಅದೇ. ಆ ಹಿಡಿ ಅವನ ಕಿವಿಗೆ ಉಜ್ಜಿ ಉಜ್ಜಿ ನುಣುಪಾಗಿ ಹೊಳೆಯುತ್ತಿತ್ತು. ಒಮ್ಮೆ ನನ್ನ ಅಂಗಡಿಯಲ್ಲಿ ರಸ್ತೆಗೆ ಬೆನ್ನು ಹಾಕಿ ಟೀ ಕುಡಿಯುತ್ತಿದ್ದವನು, ಹಾದುಹೋದ ಲಾರಿಯೊಂದರ ಸದ್ದಿಗೆ ಲೋಟ ಕೆಳಗಿಟ್ಟು “ಇದು ಊರು ದಾಟಲ್ಲ” ಅಂದ. ದಾಟಲಿಲ್ಲ, ಎರಡನೇ ತಿರುವಿನಲ್ಲಿ ನಿಂತಿತು, ಇವನೇ ಹೋಗಿ ಎಳೆತಂದ.

ಇಂಜಿನ್ನಿನ ಎಣ್ಣೆಯ ಪ್ರೆಶರು ಅಳೆಯುವ ಗೇಜು ಕೂಡ ಅವನ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಹೊಸದರಲ್ಲಿ ನಾನೇ ಒತ್ತಾಯ ಮಾಡಿ ತಗಲಿಸಿದ್ದು. “ಅದು ಕಿವಿ ಇಲ್ಲದೋರಿಗೆ ಕಣೋ” ಎಂದು ಹಾಗೆಯೇ ಬಿಟ್ಟಿದ್ದ. ಧೂಳು ಕೂತು ಸೂಜಿಯೇ ಕಾಣುತ್ತಿರಲಿಲ್ಲ.

ಅವನ ವಾಸ ಗ್ಯಾರೇಜಿನ ಮೇಲಿನ ಎರಡು ಕೋಣೆಯಲ್ಲಿ. ಮಕ್ಕಳಿಲ್ಲ. ಹೆಂಡತಿ ಇರುವಷ್ಟು ದಿನ ಇಬ್ಬರ ಪಾಲಿನ ಮಾತನ್ನೂ ಅವಳೇ ಆಡುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಆ ಮನೆಯಲ್ಲಿ ಮಾತು ಅನ್ನುವುದೇ ನಿಂತಿತು. ಅವನಿಗೆ ಉಳಿದದ್ದು ಬೇರೆ ಊರಿನಲ್ಲಿರುವ ಒಬ್ಬ ಅಕ್ಕ. ತಾಯಿ ಇಲ್ಲದ ತಮ್ಮನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವಳು. ಮೊಬೈಲು ಇನ್ನೂ ಎಲ್ಲರ ಜೇಬಿಗೆ ಇಳಿದಿರದ ಕಾಲ ಅದು. ಅಕ್ಕನ ಮನೆಯಲ್ಲಿ ಫೋನೂ ಇರಲಿಲ್ಲ. ಭಾನುವಾರ ಹತ್ತು ಗಂಟೆಗೆ ಬೀದಿ ಕೊನೆಯ ಫೋನಿನ ಅಂಗಡಿಗೆ ನಡೆದು ಹೋಗಿ ತಮ್ಮನಿಗೆ ಫೋನ್ ಮಾಡುತ್ತಿದ್ದಳು. ಊಟ ಆಯ್ತಾ, ತಲೆಗೆ ಎಣ್ಣೆ ಹಾಕ್ಕೊಂಡ್ಯಾ, ಅಷ್ಟೇ ಮಾತು. ಆ ಎರಡು ಮಾತಿಗೆ ಅವನು ವಾರವಿಡೀ ಕಾಯುತ್ತಿದ್ದ.

ಆ ಫೋನು ನಿಂತು ಎಂಟು ತಿಂಗಳಾಗಿತ್ತು. ಕೊನೆಯ ಸಲ ಮಾಡಿದಾಗ ಅವಳು “ಗ್ಯಾರೇಜು ಮುಚ್ಚಿ ನನ್ನ ಹತ್ರ ಬಂದುಬಿಡೋ” ಅಂದಳಂತೆ. ಇವನು “ನಿನ್ನ ಮನೆ ಮೂಲೇಲಿ ಕೂತು ಕೂಳು ತಿನ್ನೋಕೆ ನನ್ನ ಕೈಕಾಲೇನು ಬಿದ್ದು ಹೋಗಿಲ್ಲ” ಎಂದು ಫೋನು ಕುಕ್ಕಿಬಿಟ್ಟ. ಮುಂದಿನ ಭಾನುವಾರದಿಂದ ಫೋನಿಲ್ಲ. ಇದನ್ನು ಅವನೇ ನನಗೆ ಹೇಳಿದ್ದ, ಬ್ರೇಕ್ ಶೂ ಕೊಳ್ಳಲು ಬಂದವನು, ಬ್ರೇಕ್ ಶೂವನ್ನೇ ನೋಡುತ್ತ. “ಅಕ್ಕಾನೂ ಬಿಟ್ಟಳು ಸ್ಪೇರು” ಅಂದ. ಕಾಗದ ಬರಿ ಅಂದೆ. “ಅವಳಿಗೆ ಬೇಡದ್ದು ನನಗ್ಯಾಕೆ?” ಅಂದ. ಅಕ್ಕ ತಮ್ಮ ಇಬ್ಬರೂ ಒಂದೇ ಅಚ್ಚು. ಬಾಯಲ್ಲಿ ಹಾಗಂದರೂ ಅವನು ಒಳಗೊಳಗೇ ಕೊರಗಿ ಅರ್ಧವಾಗಿದ್ದ, ಅಂಗಿಯ ಕಾಲರಿನೊಳಗೆ ಕತ್ತು ಅಲುಗಾಡುತ್ತಿತ್ತು. ಆ ಫೋನು ಮತ್ತೆ ಬರುತ್ತದೋ ಇಲ್ಲವೋ ಎಂಬುದು ಬಿಟ್ಟರೆ ಅವನಿಗೆ ಬೇರೆ ಚಿಂತೆ ಇರಲಿಲ್ಲ ಅಂತ ಈಗ ನನಗೆ ಗೊತ್ತು.

ಆಗ ನನಗೆ ಅವನ ಮೇಲೆ ಕನಿಕರಕ್ಕಿಂತ ಸಿಟ್ಟೇ ಹೆಚ್ಚಿತ್ತು. ಎರಡು ವರ್ಷದಿಂದ ಅವನಿಗೆ ಏನೋ ಗರ್ವ ಬಂದಿತ್ತು. ಅಂಗಡಿಯಿಂದಲೇ “ಮೇಸ್ತ್ರೀ, ಟೀ ಬಂತು” ಎಂದು ಕೂಗಿದರೆ ಕತ್ತೆತ್ತುತ್ತಿರಲಿಲ್ಲ. ಮೂರು ಸಲ ಕರೆದೆ. ನಾಲ್ಕನೇ ಸಲ ಕರೆಯಲು ನನಗೇನು ಬೇರೆ ಕೆಲಸ ಇರಲಿಲ್ಲವೇ? ಬಿಟ್ಟೆ. ಟೈರಿನವನೂ ಬಿಟ್ಟ, ಟೈಲರೂ ಬಿಟ್ಟ. ಕಿವಿ ಮೇಸ್ತ್ರಿಗೆ ತಲೆ ತಿರುಗಿದೆ ಎಂದು ಇಡೀ ರಸ್ತೆ ಒಪ್ಪಿಕೊಂಡಿತು. ಅವನು ಒಬ್ಬನೇ ಕೆಲಸ ಮಾಡುತ್ತಿದ್ದ, ಒಬ್ಬನೇ ಟೀ ಮಾಡಿಕೊಳ್ಳುತ್ತಿದ್ದ, ಸಂಜೆ ಶಟರು ಎಳೆದು ಮೇಲೆ ಹೋಗುತ್ತಿದ್ದ.

ಇನ್ನು ಕಾರಿನ ವಿಷಯ. ನರ್ಸಮ್ಮ ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರಿಗೆ ಗಾಯ ತೊಳೆದು, ಸೂಜಿ ಚುಚ್ಚಿ ಬರುವ ಹೆಂಗಸು. ಮೆಲುದನಿ, ಗಟ್ಟಿ ಜೀವ. ಹಳೆಯ ಸಣ್ಣ ಕಾರು ಅವಳದ್ದು, ದಿನಕ್ಕೆ ಹತ್ತು ಹನ್ನೆರಡು ಮನೆ. ದಿನವೂ ಅಲ್ಲ, ಬೆಳಗ್ಗೆಯಂತೂ ಏನೂ ಇಲ್ಲ. ನಾಲ್ಕೈದು ಮನೆ ತಿರುಗಿ ಇಂಜಿನ್ನು ಕಾದ ಮೇಲೆ, ಸ್ಟೇರಿಂಗಿನ ಹಿಂದೆ ಎಣ್ಣೆ ಗಿಂಡಿಯ ಚಿತ್ರವಿರುವ ಕೆಂಪು ದೀಪ ಮಿಣಮಿಣ ಅನ್ನಲು ಶುರುವಾಗುತ್ತಿತ್ತು. ಇಂಜಿನ್ನಿನ ಒಳಗೆ ಎಣ್ಣೆ ಒತ್ತಡದಿಂದ ಹರಿಯುತ್ತಿಲ್ಲ ಎಂದು ಅದರ ಅರ್ಥ.

ಮೊದಲ ದಿನ ಮೇಸ್ತ್ರಿ ಮಾಡಿದ್ದೆಲ್ಲ ಸರಿಯಾಗಿಯೇ ಇತ್ತು. ಕಡ್ಡಿ ಎಳೆದು ಎಣ್ಣೆಯ ಮಟ್ಟ ನೋಡಿದ, ಸರಿಯಿತ್ತು. ಬೆರಳಲ್ಲಿ ಉಜ್ಜಿ ನೋಡಿದ, ತೆಳುವಾಗಿರಲಿಲ್ಲ. ಸ್ವಿಚ್ಚಿನ ತಂತಿ ಕಿತ್ತ. ದೀಪ ಆರಿತು, ಅಂದರೆ ತಂತಿ ಎಲ್ಲೂ ಸುಲಿದು ಕಾರಿನ ತಗಡಿಗೆ ತಾಗುತ್ತಿಲ್ಲ. ಉಳಿದದ್ದು ಎರಡೇ: ಒಂದೋ ಸ್ವಿಚ್ಚು ಸುಳ್ಳು ಹೇಳುತ್ತಿದೆ, ಇಲ್ಲವೋ ನಿಜವಾಗಿಯೂ ಒತ್ತಡ ಇಲ್ಲ. ಇಲ್ಲಿ ಬೇರೆ ಯಾರಾದರೂ ಗೇಜು ಹಾಕುತ್ತಿದ್ದರು. ಇವನು ಸ್ಕ್ರೂಡ್ರೈವರು ಊರಿದ. ಕಣ್ಣು ಮುಚ್ಚಿದ. “ಇಂಜಿನ್ನು ಮಗು ಮಲಗಿದ ಹಾಗಿದೆ. ಸ್ವಿಚ್ಚು ಹೋಗಿದೆ” ಅಂದ. ಸ್ವಿಚ್ಚು ಬದಲಾಯಿತು, ದೀಪ ಹೋಯಿತು, ಮೂರು ದಿನ ಬಿಟ್ಟು ಮತ್ತೆ ಬಂತು. ಆಗಲೇ ನನ್ನ ಮಾಲು ಕಸವಾದದ್ದು.

ಎರಡನೇ ಸ್ವಿಚ್ಚಿನದೂ ಅದೇ ಕತೆ. ಶನಿವಾರ ಮಧ್ಯಾಹ್ನ ನರ್ಸಮ್ಮ ಅರ್ಧ ಸುತ್ತು ಮುಗಿಸಿ ನೇರ ಗ್ಯಾರೇಜಿಗೆ ಬಂದಳು. ಇವತ್ತು ಇತ್ಯರ್ಥ ಆಗಿಯೇ ಹೋಗಲಿ ಎಂದು ನಾನೂ ಅಂಗಡಿಯಿಂದ ಇಳಿದೆ. ರಸ್ತೆಯ ನಡುವೆ ಬರುವಷ್ಟರಲ್ಲಿ ನನ್ನ ಕಾಲು ನಿಧಾನವಾಯಿತು. ಕಾರಿನೊಳಗಿಂದ ಟಿಕ್ ಟಿಕ್ ಟಿಕ್ ಎಂದು ಕೇಳುತ್ತಿತ್ತು. ಬಾನೆಟ್ಟು ಇನ್ನೂ ತೆರೆದೂ ಇರಲಿಲ್ಲ. ಎಣ್ಣೆ ಸಾಲದೆ ಇಂಜಿನ್ನಿನ ತಲೆಯಲ್ಲಿ ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಸದ್ದು ಅದು. ಸ್ಪೇರು ಮಾರುವ ನನಗೂ ಗೊತ್ತಾಗುವಂಥದ್ದು.

ಮೇಸ್ತ್ರಿ ಬಾನೆಟ್ಟು ಎತ್ತಿದ, ಸ್ಕ್ರೂಡ್ರೈವರು ಊರಿದ, ಕಿವಿಗೆ ಒತ್ತಿದ, ಕಣ್ಣು ಮುಚ್ಚಿದ. ಅವನ ಮುಖದಲ್ಲಿ ಎಂಥ ಸಮಾಧಾನ! “ಏನೂ ಇಲ್ಲ. ತಣ್ಣಗಿದೆ” ಅಂದ.

ನಾನು ನರ್ಸಮ್ಮನ ಮುಖ ನೋಡಿದೆ, ಅವಳು ನನ್ನದು ನೋಡಿದಳು. ಆಮೇಲೆ ಅವಳು ಅವನ ಬೆನ್ನ ಹಿಂದೆ ಹೋಗಿ, ಎಂದಿನ ದನಿಯಲ್ಲೇ, “ಮೇಸ್ತ್ರಿ, ನಿಮ್ಮ ಅಂಗಿಗೆ ಬೆಂಕಿ ಹತ್ತಿದೆ” ಅಂದಳು. ಅವನು ಅಲುಗಲಿಲ್ಲ. ಎಡಗಿವಿಯ ಹತ್ತಿರ ಬಾಗಿ ಇನ್ನೊಮ್ಮೆ ಅಂದಳು. ಅವನು ಇಂಜಿನ್ನನ್ನು ಕೇಳುತ್ತಲೇ ಇದ್ದ. ಟೀಗೆ ಕರೆದ ಮೂರು ಸಲವೂ ಒಟ್ಟಿಗೇ ನೆನಪಾದವು.

ಅವಳು ಮುಂದೆ ಬಂದು ಅವನ ಕಣ್ಣೆದುರು ನಿಂತು ಕೇಳಿದಳು, “ಎಷ್ಟು ದಿನದಿಂದ ಕಿವಿ ಕೇಳಿಸ್ತಿಲ್ಲ ನಿಮಗೆ?”

“ಯಾರಿಗೆ? ನನಗಾ?” ಎಂದು ನಕ್ಕ. ನಗುತ್ತಲೇ ನನ್ನ ಕಡೆ ತಿರುಗಿದ. “ನೋಡೋ ಸ್ಪೇರು, ಇವರು ಏನಂತಾರೆ! ನೀನೇ ಹೇಳು, ಇಂಜಿನ್ನು ಸದ್ದು ಮಾಡ್ತಿದೆಯಾ?”

ಸುಳ್ಳು ಹೇಳಿದ್ದರೆ ಅವನ ಮಾನ ಉಳಿಯುತ್ತಿತ್ತು, ನರ್ಸಮ್ಮನ ಇಂಜಿನ್ನು ಯಾವುದೋ ರಸ್ತೆಯ ನಡುವೆ ಬಿಗಿದುಕೊಳ್ಳುತ್ತಿತ್ತು. ನಾನು “ಮಾಡ್ತಿದೆ. ನನ್ನ ಅಂಗಡಿವರೆಗೂ ಕೇಳ್ತಿದೆ” ಅಂದೆ. ದನಿ ಎತ್ತಿಯೇ ಹೇಳಿದೆ.

ಅವನು ಸ್ಕ್ರೂಡ್ರೈವರನ್ನು ಬಲಗಿವಿಯಿಂದ ಎಡಗಿವಿಗೆ ಬದಲಾಯಿಸಿದ. ಇಂಜಿನ್ನಿನ ಮೇಲೆ ಜಾಗ ಬದಲಾಯಿಸಿದ. ಮತ್ತೆ ಬಲಗಿವಿ. ಈಗ ಕಣ್ಣು ಮುಚ್ಚಿರಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದ, ಸದ್ದು ಅಲ್ಲಿಂದ ಬರುತ್ತದೇನೋ ಎನ್ನುವ ಹಾಗೆ. ಕೊನೆಗೆ ಅವನು ಸ್ಕ್ರೂಡ್ರೈವರನ್ನು ಬೆಂಚಿನ ಮೇಲಿಟ್ಟು, ಗೋಡೆಯ ಗೇಜು ಇಳಿಸಿ, ಅಂಗಿಯ ಚುಂಗಿನಿಂದ ಗಾಜು ಒರೆಸಿದ.

ಸ್ವಿಚ್ಚು ಬಿಚ್ಚಿದ ಜಾಗಕ್ಕೆ ಗೇಜು ತಿರುಗಿಸಿ, ಇಂಜಿನ್ನು ಮತ್ತೆ ಚೆನ್ನಾಗಿ ಕಾಯುವ ತನಕ ಓಡಿಸಿದೆವು. ಸೂಜಿ ಇಳಿದಿಳಿದು ಸೊನ್ನೆಯ ಪಕ್ಕದಲ್ಲೇ ನಡುಗತೊಡಗಿತು. ರೇಸು ಮಾಡಿದರೂ ಮೇಲೇಳಲಿಲ್ಲ. “ಆಫ್ ಮಾಡು” ಅಂದ. “ಎರಡು ಸಲ ಈ ಗಾಡೀನ ನಾನೇ ರಸ್ತೆಗೆ ಬಿಟ್ಟೆನಲ್ಲೋ. ಅದೂ ಇವರನ್ನ ಒಳಗೆ ಕೂರಿಸಿಕೊಂಡು.”

ನರ್ಸಮ್ಮ ಟಾರ್ಚು ಹಾಕಿ ಅವನ ಕಿವಿ ನೋಡಿದಳು. ನಾನು ಗುಗ್ಗೆ ಕಟ್ಟಿರಬಹುದು ಎಂದು ಆಸೆಪಟ್ಟಿದ್ದೆ. ಏನೂ ಇರಲಿಲ್ಲ. “ಸುತ್ತಿಗೆ, ಇಂಜಿನ್ನು, ಇಷ್ಟು ವರ್ಷ. ಒಳಗೇ ಸವೆದಿದೆ,” ಅಂದಳು, ಪ್ರತಿ ಮಾತನ್ನೂ ಬಿಡಿಸಿ. “ಇಂಥದ್ರಲ್ಲಿ ದಪ್ಪ ಸದ್ದು ಉಳಿಯುತ್ತೆ, ತೆಳು ಸದ್ದು ಮೊದಲು ಹೋಗುತ್ತೆ. ಹಕ್ಕಿ, ಗಂಟೆ, ಹೆಂಗಸರ ದನಿ. ಡಾಕ್ಟರಿಗೆ ತೋರಿಸೋಣ. ಆದ್ರೆ ಇಷ್ಟು ದಿನ ಮನೇಲಿ ಯಾರೂ ಹೇಳಲಿಲ್ವಾ?”

“ಮನೇಲಿ ಯಾರಿದಾರೆ?” ಅಂದ ಮೇಸ್ತ್ರಿ.

ಮಾತಾಡಿಸುವವರೇ ಇಲ್ಲದವನಿಗೆ ಕಿವಿ ಹೋದದ್ದು ಗೊತ್ತಾಗುವುದಾದರೂ ಹೇಗೆ? ನಾನು ಹನ್ನೊಂದು ಹೆಜ್ಜೆ ದೂರದಲ್ಲಿ ಎರಡು ವರ್ಷ ಮುಖ ಊದಿಸಿಕೊಂಡು ಕೂತಿದ್ದೆ.

ಸೋಮವಾರ ಬೆಳಗ್ಗೆ ನರ್ಸಮ್ಮನಿಗೆ ಕಾರು ಬೇಕೇ ಬೇಕು. ಭಾನುವಾರ ನಾನು ಎಂದೂ ಆ ರಸ್ತೆಯ ಕಡೆ ತಲೆ ಹಾಕಿದವನಲ್ಲ; ಆ ಭಾನುವಾರ ಹಳೇ ಅಂಗಿ ಹಾಕಿಕೊಂಡು ಎಂಟಕ್ಕೇ ಹೋದೆ. ಮೇಸ್ತ್ರಿ ಆಗಲೇ ಕಾರಿನ ಅಡಿಯಲ್ಲಿದ್ದ. ಎಣ್ಣೆ ಇಳಿಸಿ, ಇಂಜಿನ್ನಿನ ತಳದ ತೊಟ್ಟಿಯನ್ನು, ಅದಕ್ಕೆ ನಾವು ಚೇಂಬರು ಅನ್ನುತ್ತೇವೆ, ಕೆಳಗಿಳಿಸಿದೆವು. ಅದರೊಳಗೆ ಎಣ್ಣೆ ಹೀರುವ ಕೊಳವೆಯ ಬಾಯಿಗೆ ಒಂದು ಜಾಲರಿ ಇರುತ್ತದೆ. ಆ ಜಾಲರಿಯ ಮೇಲೆ ರಬ್ಬರಿನಂಥ ಬೂದು ಬಣ್ಣದ ಚೂರುಗಳು ಪದರಪದರವಾಗಿ ಕೂತಿದ್ದವು.

ಮೇಸ್ತ್ರಿ ಒಂದು ಚೂರನ್ನು ಉಗುರಿನಲ್ಲಿ ಎತ್ತಿ ಬೆಳಕಿಗೆ ಹಿಡಿದ. “ನನ್ನದೇ” ಅಂದ.

ಅವನ ಕೈಯಿಂದ ಹೋದ ಗಾಡಿ ಎಣ್ಣೆ ತೊಟ್ಟಿಕ್ಕಬಾರದು, ಅದು ಅವನ ಹಟ. ಹಿಂದಿನ ವರ್ಷ ಇದೇ ಕಾರಿನ ಸೋರಿಕೆ ನಿಲ್ಲಿಸುವಾಗ ಚೇಂಬರಿನ ಅಂಚಿಗೆ ಪೇಸ್ಟನ್ನು ಧಾರಾಳವಾಗಿ ಮೆತ್ತಿದ್ದ. ಹೊರಗೆ ಉಬ್ಬಿದ್ದನ್ನು ಒರೆಸಿದ್ದ, ಒಳಗೆ ಉಬ್ಬಿದ್ದು ಒಣಗಿ, ಚೂರುಚೂರಾಗಿ ಉದುರಿತ್ತು. ಗಾಡಿ ಓಡಿದಾಗ ಚೂರುಗಳು ಹೋಗಿ ಜಾಲರಿಗೆ ಅಂಟಿಕೊಳ್ಳುತ್ತಿದ್ದವು, ನಿಂತಾಗ ಕಳಚಿ ತಳಕ್ಕೆ ಬೀಳುತ್ತಿದ್ದವು. ಸ್ವಿಚ್ಚು ಬದಲಾಯಿಸಲು ನಿಲ್ಲಿಸಿದಾಗೆಲ್ಲ ದೀಪ ಆರಿದ್ದು ಅದಕ್ಕೇ. ನನ್ನ ಮಾಲು ಕಸವಲ್ಲ ಎಂದು ರುಜುವಾತಾಗಿತ್ತು. ಕುಣಿದಾಡಬೇಕಿತ್ತು ನಾನು, ಹೋಗಿ ಪೆಟ್ರೋಲಿನ ಡಬ್ಬಿ ತಂದೆ.

ಜಾಲರಿಯನ್ನು ಪೆಟ್ರೋಲಿನಲ್ಲಿ ಅದ್ದಿ ಇಬ್ಬರೂ ಉಜ್ಜುತ್ತಿದ್ದೆವು. ಆಗ ಮೇಲಿನ ಕೋಣೆಯಲ್ಲಿ ಫೋನು ಹೊಡೆದುಕೊಂಡಿತು. ತೆಳ್ಳನೆಯ ಕಿರ್ರ್ ಕಿರ್ರ್. ನಾನು ಕತ್ತೆತ್ತಿದೆ. ಅವನು ಉಜ್ಜುತ್ತಲೇ ಇದ್ದ.

ಗಡಿಯಾರ ನೋಡಿದೆ. ಹತ್ತು ಗಂಟೆ.

“ಮೇಸ್ತ್ರೀ! ಫೋನು!” ಎಂದು ಅವನ ಭುಜ ಅಲುಗಿಸಿದೆ.

“ಯಾವ ಫೋನು?”

ನಾನು ಉತ್ತರ ಹೇಳಲು ನಿಲ್ಲಲಿಲ್ಲ. ಎಣ್ಣೆ ಕೈಯಲ್ಲೇ ಮೆಟ್ಟಿಲು ಹತ್ತಿ, ಮೇಜಿನ ಮೇಲಿನ ಫೋನಿಗೆ ಅವನ ಹೆಂಡತಿ ಹೊಲಿದ ಹೂವಿನ ಮುಸುಕನ್ನು ಕಿತ್ತು ರಿಸೀವರ್ ಎತ್ತಿದೆ. ಆ ಕಡೆ ಮುದಿ ಹೆಂಗಸಿನ ದನಿ.

“ಯಾರಪ್ಪಾ ಅದು? ನನ್ನ ತಮ್ಮನಿಗೆ ಏನಾಯ್ತು?”

“ಏನೂ ಆಗಿಲ್ಲಮ್ಮ, ಚೆನ್ನಾಗಿದಾನೆ. ನಾನು ಎದುರಿನ ಅಂಗಡಿಯವನು.”

“ಅಯ್ಯೋ, ಬೇರೆಯವರು ಎತ್ತಿದ್ರಲ್ಲ ಅಂತ ಜೀವ ಬಾಯಿಗೆ ಬಂತು. ಕೋಪ ಇಳೀತಾ ಅವನಿಗೆ?”

“ನೀವು ಫೋನು ಬಿಟ್ಟಿದ್ದೀರಿ ಅಂತ ಅವನು...”

“ನಾನಾ? ಒಂದು ವಾರಾನೂ ಬಿಟ್ಟಿಲ್ಲಪ್ಪ. ರಿಂಗಾಗ್ತಾ ಇರುತ್ತೆ, ಅವನು ಎತ್ತಲ್ಲ. ಕೋಪ ಅಂದ್ಕೊಂಡೆ. ಎತ್ತದಿದ್ರೆ ಬೇಡ, ಅಕ್ಕ ಮಾಡ್ತಿದಾಳೆ ಅಂತ ಅವನಿಗೆ ಕೇಳ್ತದಲ್ಲ, ಅಷ್ಟು ಸಾಕು ಅಂತ ಮಾಡ್ತಾನೇ ಇದೀನಿ.”

ಬಾಗಿಲಲ್ಲಿ ಮೇಸ್ತ್ರಿ ನಿಂತಿದ್ದ. ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ, ನನ್ನ ಮುಖ ನೋಡಿಯೇ ತಿಳಿದುಕೊಂಡಿದ್ದ. ರಿಸೀವರ್ ತೆಗೆದುಕೊಂಡು ಕಿವಿಗೆ ಒತ್ತಿ ಹಿಡಿದ, ಸ್ಕ್ರೂಡ್ರೈವರು ಒತ್ತಿಕೊಳ್ಳುವ ಹಾಗೆಯೇ. “ಅಕ್ಕಾ” ಅಂದ. ಅವಳು ಮಾತಾಡುತ್ತಲೇ ಹೋದಳು, ಹೊರಗೆ ನಿಂತ ನನಗೇ ಕೇಳುತ್ತಿತ್ತು. ಅವನಿಗೆ ಕೇಳುತ್ತಿರಲಿಲ್ಲ. “ಹೂಂ” ಅಂದ. ಮತ್ತೆ “ಹೂಂ” ಅಂದ. ಕಣ್ಣಿಂದ ಇಳಿದದ್ದನ್ನು ಒರೆಸಲು ಹೋಗಿ ಕೆನ್ನೆಗೆಲ್ಲ ಎಣ್ಣೆ ಬಳಿದುಕೊಂಡ. ಕಡೆಗೆ, “ಅಕ್ಕಾ, ನನ್ನ ಕಿವಿ ಹೋಗಿದೆ ಕಣೇ. ನೀನು ಹೇಳೋದು ಕೇಳಿಸ್ತಿಲ್ಲ. ಕೋಪ ಏನಿಲ್ಲ. ಊಟ ಆಯ್ತು” ಅಂದ. ಆ ಕಡೆ ಅಳುವ ಸದ್ದು ಬಂತು, ಅದೂ ಅವನಿಗೆ ಕೇಳಿಸಲಿಲ್ಲ.

ಫೋನಿಟ್ಟ ಮೇಲೆ ಅವನು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತ. ಬೆರಳು ಮಡಚಿ ಏನೋ ಎಣಿಸಿದ.

“ಮೂವತ್ನಾಲ್ಕು ಭಾನುವಾರ, ಸ್ಪೇರು. ಹತ್ತು ಗಂಟೆಗೆ ಇದೇ ಕುರ್ಚೀಲಿ ಕೂತಿರ್ತಿದ್ದೆ. ಒಂದು ವಾರಾನೂ ತಪ್ಪಿಸಿಲ್ಲ.”

ಫೋನಿಗೂ ಆ ಕುರ್ಚಿಗೂ ನಡುವೆ ನಾಲ್ಕು ಹೆಜ್ಜೆ ಇರಬಹುದು. ನಾನು ಅಳೆಯಲಿಲ್ಲ.

ನರ್ಸಮ್ಮನ ಕಾರು ಸೋಮವಾರ ಬೆಳಗ್ಗೆ ಹೊರಟಿತು, ಗೇಜಿನ ಸೂಜಿ ಇರಬೇಕಾದಲ್ಲಿ ನಿಂತದ್ದನ್ನು ಮೂವರೂ ನೋಡಿದ ಮೇಲೆ. ಡಾಕ್ಟರು ಒಂದು ಕಿವಿ ಮೆಷಿನ್ನು ಕೊಟ್ಟರು. ಅದರಲ್ಲಿ ಮಾತಿಗಿಂತ ಗರಗರವೇ ಹೆಚ್ಚೆಂದು ಅವನು ಡ್ರಾಯರಿನಲ್ಲಿಟ್ಟ. ಈಗ ಗೇಜು ಬೆಂಚಿನ ಮೇಲೆ, ಸ್ಕ್ರೂಡ್ರೈವರು ಮೊಳೆಯಲ್ಲಿ. ಕಿವಿ ಮೇಸ್ತ್ರಿ ಎಂಬ ಹೆಸರನ್ನು ಮಾತ್ರ ರಸ್ತೆ ಬಿಟ್ಟಿಲ್ಲ. ನಾನು ಟೀಗೆ ಕೂಗುವುದನ್ನು ನಿಲ್ಲಿಸಿ, ಲೋಟ ಹಿಡಿದು ಹನ್ನೊಂದು ಹೆಜ್ಜೆ ನಡೆಯುತ್ತೇನೆ.

ಗುಜರಿಗೆ ಹೋಗಲಿದ್ದ ಕಾರೊಂದರಿಂದ ಅವನು ಆ ಕೆಂಪು ದೀಪವನ್ನು, ಎಣ್ಣೆ ಗಿಂಡಿಯ ಚಿತ್ರದ ಸಮೇತ, ಬಿಚ್ಚಿಕೊಂಡ. ರೇಡಿಯೋ ರಿಪೇರಿಯವನು ಫೋನಿನ ತಂತಿಗೆ ಒಂದು ಸಣ್ಣ ಡಬ್ಬಿ ಕೂರಿಸಿಕೊಟ್ಟ. ಈಗ ಫೋನು ಹೊಡೆದುಕೊಂಡರೆ ಕಿಟಕಿಯ ಚೌಕಟ್ಟಿನಲ್ಲಿ ಆ ದೀಪ ಮಿನುಗುತ್ತದೆ. ಭಾನುವಾರ ಹತ್ತಕ್ಕೆ ಅದು ಹತ್ತಿಕೊಳ್ಳುತ್ತದೆ, ಅವನು ಎದ್ದು ಹೋಗಿ ಎತ್ತುತ್ತಾನೆ, ಒಬ್ಬನೇ ಮಾತಾಡುತ್ತಾನೆ. ಯಾವ ಗಾಡಿ ಬಂತು, ಏನು ಅಡುಗೆ ಮಾಡಿದ, ತಲೆಗೆ ಎಣ್ಣೆ ಹಾಕಿಕೊಂಡನೋ ಇಲ್ಲವೋ, ವಾರದ್ದೆಲ್ಲ. ಬಾಯಿ ಸತ್ತವನು ಎಂದು ನಾವು ತಿಳಿದಿದ್ದವನು ಐದು ನಿಮಿಷ ಉಸಿರು ಬಿಡದೆ ಹೇಳುತ್ತಾನೆ. ನಡುನಡುವೆ ಅವಳು ಹೇಳಲೆಂದು ಒಂದಿಷ್ಟು ಹೊತ್ತು ಸುಮ್ಮನಿದ್ದು, “ಹೂಂ” ಅನ್ನುತ್ತಾನೆ.

ಆಮೇಲೆ ಫೋನಿಟ್ಟು ಕುರ್ಚಿಗೆ ಬಂದು ಕೂರುತ್ತಾನೆ, ಕಣ್ಣು ದೀಪದ ಮೇಲೆ. ಅವನೇ ಕೇಳಿಕೊಂಡಂತೆ ಅವಳು ಮತ್ತೆ ನಂಬರು ತಿರುಗಿಸಿ, ಒಂದೇ ಒಂದು ರಿಂಗು ಕೊಟ್ಟು ಇಟ್ಟುಬಿಡುತ್ತಾಳೆ. ದೀಪ ಒಮ್ಮೆ ಮಿನುಗಿ ಆರುತ್ತದೆ. ಅವನು ಹೇಳಿದ್ದೆಲ್ಲ ಅವಳಿಗೆ ಕೇಳಿಸಿತು ಎಂದು ಅದರ ಅರ್ಥ. ಅದು ಬರುವ ತನಕ ಅವನು ಕೆಳಗೆ ಇಳಿಯುವುದಿಲ್ಲ.